ಕಾಲು ಯಾವ ಕಡೆ ಬಾಗಬೇಕು? ಫ್ಯೂಷನ್ ರಿಯಾಕ್ಟರ್ ಮ್ಯಾಗ್ನೆಟ್ ಮತ್ತು ಭೂಕಂಪ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದ ಕೊನೆಯ ವರ್ಷದ ಪ್ರಾಜೆಕ್ಟಿನ ಕಥೆ ಇದು. ಗೈಡ್ ಆಗಿದ್ದವನು ನಾನು. ಕಾಲೇಜಿನ ಹೆಸರು, ಮಕ್ಕಳ ಹೆಸರು, ವರ್ಷ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಎಂದು ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. ಆದರೆ ನಾವು ಎಲ್ಲಿ ಎಡವಿದೆವು, ಯಾಕೆ ಎಡವಿದೆವು ಎನ್ನುವುದನ್ನು ಮುಚ್ಚಿಟ್ಟಿಲ್ಲ. ಬೇರೆ ಊರಿನ ಮಕ್ಕಳಿಗೂ ಗೈಡುಗಳಿಗೂ ಬೇಕಾಗುವುದು ಅದೇ ಭಾಗ.

ತಂಡದಲ್ಲಿ ನಾಲ್ವರಿದ್ದರು. ಒಬ್ಬಳು ಸಾಗರದ ಕಡೆಯ ಅಡಿಕೆ ತೋಟದ ಮನೆಯ ಹುಡುಗಿ. ಒಬ್ಬ ಭದ್ರಾವತಿಯವನು. ಇನ್ನಿಬ್ಬರು ಶಿವಮೊಗ್ಗ ಪೇಟೆಯವರು. ಫ್ಯೂಷನ್ ರಿಯಾಕ್ಟರಿನ ಮ್ಯಾಗ್ನೆಟ್ ಭೂಕಂಪಕ್ಕೆ ಹೇಗೆ ತಡೆದುಕೊಳ್ಳುತ್ತದೆ ಎಂದು ನೋಡಬೇಕು ಅಂತ ಅವರೇ ವಿಷಯ ಹಿಡಿದುಕೊಂಡು ಬಂದರು. ಫ್ಯೂಷನ್ ರಿಯಾಕ್ಟರ್ ಅಂದರೆ ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವ ಯಂತ್ರ. ಅದರೊಳಗಿನ ಉರಿಬಿಸಿ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಗೋಡೆಗೆ ತಾಗದಂತೆ ಹಿಡಿದಿಡುವುದು ಮ್ಯಾಗ್ನೆಟ್.

ಮೊದಲ ರಿವ್ಯೂನಲ್ಲೇ ಒಬ್ಬರು ಹಿರಿಯರು ಕೇಳಿದರು. "ಭೂಕಂಪದ ನಕ್ಷೆಯಲ್ಲಿ ಶಿವಮೊಗ್ಗ ಇರುವುದು ಎರಡನೇ ವಲಯದಲ್ಲಿ. ನಮ್ಮ ದೇಶದಲ್ಲಿ ಅತಿ ಕಡಿಮೆ ಅಪಾಯದ ವಲಯ ಅದು. ಇಲ್ಲಿ ಫ್ಯೂಷನ್ ರಿಯಾಕ್ಟರೂ ಇಲ್ಲ. ನಮಗ್ಯಾಕೆ ಇದು?"

ಭದ್ರಾವತಿಯ ಹುಡುಗ ಕೊಟ್ಟ ಉತ್ತರ ನನಗೆ ಇಷ್ಟವಾಯಿತು. ಫ್ರಾನ್ಸಿನ ಕದರಾಶ್‌ನಲ್ಲಿ ಕಟ್ಟುತ್ತಿರುವ ಇಟರ್ ಎಂಬ ಫ್ಯೂಷನ್ ರಿಯಾಕ್ಟರ್ ಯೋಜನೆಯಲ್ಲಿ ಭಾರತವೂ ಪಾಲುದಾರ ದೇಶ. ಅದರ ದೊಡ್ಡ ಹೊರ ಪಾತ್ರೆಯನ್ನು, ಅಂದರೆ ಸುಮಾರು 29 ಮೀಟರ್ ಎತ್ತರದ ಕ್ರಯೋಸ್ಟಾಟನ್ನು, ಕೊಟ್ಟಿದ್ದು ಭಾರತ. ಅದರ ಭಾಗಗಳು ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ನಮ್ಮದೇ ಸೂಪರ್‌ಕಂಡಕ್ಟರ್ (ತೀರಾ ತಣ್ಣಗಾದಾಗ ತಡೆಯಿಲ್ಲದೆ ಕರೆಂಟ್ ಹರಿಸುವ ವಸ್ತು) ಮ್ಯಾಗ್ನೆಟ್‌ಗಳ ಫ್ಯೂಷನ್ ಯಂತ್ರ ಎಸ್‌ಎಸ್‌ಟಿ-1 ಇರುವುದು ಗಾಂಧಿನಗರದ ಹತ್ತಿರ. ಅದೇ ಗುಜರಾತಿನಲ್ಲಿ 2001ರ ಜನವರಿ 26ರಂದು ಭುಜ್ ಭೂಕಂಪ ಆಯಿತು. ಅಷ್ಟು ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಬಿದ್ದವು. "ಸರ್, ನಮ್ಮಲ್ಲಿ ಕಲಿತವರು ಕೆಲಸ ಮಾಡೋದು ನಮ್ಮೂರಲ್ಲೇ ಅಂತ ಇಲ್ಲವಲ್ಲ" ಎಂದ. ಹಿರಿಯರು ಒಪ್ಪಿದರು.

ಫ್ಯೂಷನ್ ರಿಯಾಕ್ಟರ್ ಅಂದಕೂಡಲೇ ಜನ ಅಣುಬಾಂಬ್ ನೆನೆಸಿಕೊಳ್ಳುತ್ತಾರೆ. ಇಲ್ಲಿ ಸರಪಳಿ ಕ್ರಿಯೆ ಇಲ್ಲ. ಏನಾದರೂ ಎಡವಟ್ಟಾದರೆ ಪ್ಲಾಸ್ಮಾ ಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಹಾಗಿದ್ದರೂ ಭೂಕಂಪದ ಚಿಂತೆ ಯಾಕೆ? ಒಳಗೆ ಟ್ರೀಷಿಯಂ ಇರುತ್ತದೆ, ಅದು ವಿಕಿರಣ ಸೂಸುವ ಅನಿಲ. ಅದನ್ನು ಹಿಡಿದಿಡುವ ಮೊದಲ ಗೋಡೆ ನಿರ್ವಾತ ಪಾತ್ರೆ. ಆ ಪಾತ್ರೆಯ ಸುತ್ತ ಸುಮಾರು 10,000 ಟನ್ ಮ್ಯಾಗ್ನೆಟ್ ನಿಂತಿರುತ್ತದೆ. ಆ ಭಾರ ಸರಿದು ಪಾತ್ರೆಗೆ ತಾಗಬಾರದು.

ಸಮಸ್ಯೆ: ಒಂದೇ ಕಾಲಿಗೆ ಎರಡು ಬೇಡಿಕೆ

ಇಟರ್‌ನಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ 18 ದೊಡ್ಡ ಮ್ಯಾಗ್ನೆಟ್ ಕಾಯಿಲ್‌ಗಳಿವೆ. ಒಂದೊಂದೂ ಸುಮಾರು 17 ಮೀಟರ್ ಎತ್ತರ, 300 ಟನ್‌ಗಿಂತ ಜಾಸ್ತಿ ತೂಕ. ಕಿತ್ತಳೆ ತೊಳೆಗಳ ಹಾಗೆ ಇವು ಸುತ್ತ ನಿಂತಿರುತ್ತವೆ. ಪ್ರತಿ ಕಾಯಿಲ್ ಕೆಳಗೂ ಒಂದು ಕಾಲು ಇದೆ.

ಈ ಕಾಯಿಲ್‌ಗಳು ಕೆಲಸ ಮಾಡುವುದು ಸುಮಾರು 4 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಕೋಣೆಯ ಬಿಸಿಯಿಂದ ಅಲ್ಲಿಗೆ ಇಳಿಯುವಾಗ ಸ್ಟೇನ್‌ಲೆಸ್ ಸ್ಟೀಲ್ ಸುಮಾರು ಶೇಕಡಾ 0.3ರಷ್ಟು ಕುಗ್ಗುತ್ತದೆ. ಕೇಳಲು ಚಿಕ್ಕದು. ಆದರೆ ಕಾಲುಗಳು ನಡುವಿನಿಂದ ಸುಮಾರು 10 ಮೀಟರ್ ದೂರದಲ್ಲಿವೆ. 10 ಮೀಟರಿಗೆ ಶೇಕಡಾ 0.3 ಅಂದರೆ 3 ಸೆಂಟಿಮೀಟರ್. ಮೇಲಿನ ಕಾಯಿಲ್ ತಣ್ಣಗಾಗಿ 3 ಸೆಂಟಿಮೀಟರ್ ಒಳಗೆ ಸರಿಯುತ್ತದೆ. ಕೆಳಗಿನ ನೆಲ ಬೆಚ್ಚಗೆ ಅಲ್ಲೇ ಇರುತ್ತದೆ. ಹಾಗಾಗಿ ಕಾಲು ಬಾಗಲೇಬೇಕು.

ಭೂಕಂಪ ಬಂದಾಗ ಕೇಳುವುದು ಇದರ ತದ್ವಿರುದ್ಧ. ಮೇಲಿನ 10,000 ಟನ್ ತೂಗಾಡಬಾರದು. ಕಾಲು ಬಿಗಿಯಾಗಿರಬೇಕು.

ಬಾಗಲೂಬೇಕು, ಬಿಗಿಯಾಗಿಯೂ ಇರಬೇಕು. ಎರಡನ್ನೂ ಒಂದೇ ಕಾಲಿಗೆ ಹೇಗೆ ಕೊಡುವುದು? ಇದೇ ನಮ್ಮ ಪ್ರಾಜೆಕ್ಟಿನ ಪ್ರಶ್ನೆ. ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಬರೆಯಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಶುರುವಿನಲ್ಲಿ ನಮ್ಮ ಕಣ್ಣ ಮುಂದೆ ಇದ್ದದ್ದು ಭೂಕಂಪ ಒಂದೇ.

ಮಾದರಿ, ಮತ್ತು ಒಂದು ಸುಳ್ಳು ಪಾಸ್

1:25 ಅಳತೆಯ ಮಾದರಿ ಮಾಡೋಣ ಎಂದು ತೀರ್ಮಾನವಾಯಿತು. 17 ಮೀಟರಿನ ಕಾಯಿಲ್ 68 ಸೆಂಟಿಮೀಟರ್ ಆಗುತ್ತದೆ. 10 ಮೀಟರ್ ತ್ರಿಜ್ಯ 40 ಸೆಂಟಿಮೀಟರ್. 3 ಸೆಂಟಿಮೀಟರ್ ಕುಗ್ಗುವಿಕೆ 1.2 ಮಿಲಿಮೀಟರ್.

ತೂಕದ ಲೆಕ್ಕ ಮಾತ್ರ ಹೆದರಿಸಿತು. ಅದೇ ಉಕ್ಕು, ಅದೇ ಗುರುತ್ವ ಇಟ್ಟುಕೊಂಡು ಎಲ್ಲವನ್ನೂ ಸರಿಯಾಗಿ ಇಳಿಸಬೇಕು ಅಂದರೆ 10,000 ಟನ್ನನ್ನು 25ರ ವರ್ಗದಿಂದ, ಅಂದರೆ 625ರಿಂದ ಭಾಗಿಸಬೇಕು. ಆಗಲೂ 16 ಟನ್! ನಮ್ಮ ಲ್ಯಾಬಿನ ಶೇಕ್ ಟೇಬಲ್, ಅಂದರೆ ಭೂಕಂಪದ ಹಾಗೆ ಅಲುಗಿಸುವ ಮೇಜು, ಹೊರುವುದು 100 ಕೆ.ಜಿ. ಅದೂ ಒಂದೇ ದಿಕ್ಕಿಗೆ ಅಲುಗುತ್ತದೆ, ಸೆಕೆಂಡಿಗೆ 25 ಸಲಕ್ಕಿಂತ ವೇಗವಾಗಿ ಅಲುಗದು.

ಹಾಗಾಗಿ ಒಂದನ್ನು ಬಿಟ್ಟುಕೊಟ್ಟೆವು. ಉಕ್ಕಿನೊಳಗಿನ ಒತ್ತಡವನ್ನು ನಮ್ಮ ಮಾದರಿ ಸರಿಯಾಗಿ ತೋರಿಸುವುದಿಲ್ಲ, ಅಲುಗಾಟದ ರೀತಿಯನ್ನು ಮಾತ್ರ ತೋರಿಸುತ್ತದೆ ಎಂದು ರಿಪೋರ್ಟಿನ ಮೊದಲ ಪುಟದಲ್ಲೇ ಬರೆದೆವು. ಕಾಯಿಲ್‌ಗಳ ಗುಂಪಿನ ಬದಲಿಗೆ 60 ಕೆ.ಜಿ.ಯ ಉಕ್ಕಿನ ಪಂಜರ, ಅದಕ್ಕೆ 18 ಕಾಲು. ಸುತ್ತಲೂ ಸ್ವಲ್ಪ ಸಂದು ಬಿಟ್ಟು ಒಂದು ತೆಳು ತಗಡಿನ ಡ್ರಮ್. ನಿಜವಾದ ಯಂತ್ರದಲ್ಲಿ ಮ್ಯಾಗ್ನೆಟ್ ಹತ್ತಿರದಲ್ಲೇ ಇರುವ ಶಾಖ ತಡೆಯುವ ಗೋಡೆಯ ಜಾಗದಲ್ಲಿ ಇದು. ಪಂಜರ ಅದಕ್ಕೆ ತಾಗಿದರೆ ಫೇಲ್.

ಮೊದಲ ಕಾಲುಗಳು 3 ಮಿ.ಮೀ ದಪ್ಪದ ದುಂಡು ಕಂಬಿಗಳು. ಉದ್ದ ಹತ್ತೂವರೆ ಸೆಂಟಿಮೀಟರ್.

ಅಲುಗಿಸಲು ಯಾವ ಭೂಕಂಪ ಆರಿಸುವುದು? ಪುಸ್ತಕಗಳಲ್ಲಿ ಎಲ್ಲರೂ ಬಳಸುವುದು ಅಮೆರಿಕದ 1940ರ ಎಲ್ ಸೆಂಟ್ರೊ ಭೂಕಂಪದ ದಾಖಲೆ. ಮಕ್ಕಳು ಕೊಯ್ನಾ ಬೇಕು ಎಂದರು. 1967ರ ಡಿಸೆಂಬರ್ 11ರ ಮಹಾರಾಷ್ಟ್ರದ ಕೊಯ್ನಾ ಭೂಕಂಪ ನಮ್ಮದೇ ಸಹ್ಯಾದ್ರಿ ಸಾಲಿನಲ್ಲಿ ಆದದ್ದು. ಅಣೆಕಟ್ಟಿನಲ್ಲೇ ಇದ್ದ ಉಪಕರಣ ಅದನ್ನು ದಾಖಲಿಸಿತ್ತು. ಲಿಂಗನಮಕ್ಕಿ ಹಿನ್ನೀರಿನ ಪಕ್ಕದ ಊರಿನಿಂದ ಬಂದ ಹುಡುಗಿಗೆ ಅದರ ಬಗ್ಗೆ ಬೇರೆಯದೇ ಆಸಕ್ತಿ ಇತ್ತು. ಅಣೆಕಟ್ಟಿನ ನೀರಿನ ಭಾರಕ್ಕೂ ಭೂಕಂಪಕ್ಕೂ ನಂಟಿದೆ ಎಂದು ಜಗತ್ತು ಗಂಭೀರವಾಗಿ ಓದಲು ಶುರು ಮಾಡಿದ್ದರಲ್ಲಿ ಕೊಯ್ನಾದ ಪಾತ್ರ ದೊಡ್ಡದು. ನಾನು ಒಪ್ಪಿದೆ.

ಟೇಬಲ್ ಚಾಲೂ ಮಾಡಿದೆವು. ಪಂಜರ ತಳದ ಜೊತೆ ಒಂದೇ ಮೈಯಾಗಿ ಹೋಗಿ ಬಂತು. ಡ್ರಮ್ಮಿನಿಂದ ಎಲ್ಲ ಕಡೆ ಸಂದು ಹಾಗೇ ಉಳಿಯಿತು. ಎಲ್ಲರಿಗೂ ಖುಷಿ. ಫೋಟೊ ತೆಗೆದುಕೊಂಡರು.

ಮನೆಗೆ ಹೋದ ಮೇಲೆ ನನಗೆ ಸಮಾಧಾನ ಆಗಲಿಲ್ಲ. ಅಷ್ಟು ಸಣ್ಣ ಕಂಬಿಗಳು ಅಷ್ಟು ಸಲೀಸಾಗಿ ಹೇಗೆ ತಡೆದವು? ರಾತ್ರಿ ಕೂತು ಲೆಕ್ಕ ಮಾಡಿದಾಗ ತಪ್ಪು ಸಿಕ್ಕಿತು. ಉದ್ದವನ್ನು 25 ಪಟ್ಟು ಇಳಿಸಿದರೆ ಕಾಲವನ್ನೂ ಇಳಿಸಬೇಕು. ಗುರುತ್ವ ಬದಲಾಗದೆ ಇರುವುದರಿಂದ ಕಾಲ ಇಳಿಯುವುದು 25ರ ವರ್ಗಮೂಲದಷ್ಟು, ಅಂದರೆ 5 ಪಟ್ಟು. 10 ಸೆಕೆಂಡಿನ ಭೂಕಂಪವನ್ನು ಮಾದರಿಗೆ 2 ಸೆಕೆಂಡಿನಲ್ಲಿ ಕೊಡಬೇಕಿತ್ತು. ನಾವು ಪೂರ್ತಿ ನಿಧಾನವಾಗಿ ಕೊಟ್ಟಿದ್ದೆವು. ಜೋಕಾಲಿಯನ್ನು ಅದರ ಲಯಕ್ಕೆ ತಳ್ಳಿದರೆ ತಾನೇ ಏರುವುದು? ನಾವು ಬೇರೆ ಲಯದಲ್ಲಿ ಸವರಿದ್ದೆವು, ಅಷ್ಟೇ.

ಮಾರನೇ ದಿನ ಸರಿಯಾದ ವೇಗದಲ್ಲಿ ಕೊಟ್ಟೆವು. ಟೇಬಲಿನ ಮಿತಿಯಿಂದಾಗಿ ದಾಖಲೆಯ ತೀರಾ ವೇಗದ ಭಾಗ ಕತ್ತರಿಸಿ ಹೋಯಿತು. ಆದರೂ ಸಾಕಿತ್ತು. ಕಂಬಿಗಳ ಮೇಲೆ ಪಂಜರದ ಸ್ವಂತ ತೂಗಾಟ ಸೆಕೆಂಡಿಗೆ ಸುಮಾರು 8 ಸಲ. ಅದು ಲಯ ಹಿಡಿದು ತೂಗಿ ಡ್ರಮ್ಮಿಗೆ ಢಣ್ ಎಂದು ಬಡಿಯಿತು. ಮಾದರಿ ಬೀಳಲಿಲ್ಲ. ಆದರೆ ನಮ್ಮ ಅಳತೆಯಲ್ಲಿ ಅದು ಫೇಲ್.

ಪಾಸ್ ಆದ ಪರೀಕ್ಷೆಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಈ ಪ್ರಕರಣದಲ್ಲಿ ಅದು ಎರಡು ಸಲ ಆಯಿತು. ಇದು ಮೊದಲನೆಯದು.

ಎರಡನೇ ಪ್ರಯತ್ನ: ಪಟ್ಟಿಗಳು

ದುಂಡು ಕಂಬಿ ಬೇಡ, ಪಟ್ಟಿ ಹಾಕೋಣ ಎಂದರು ಮಕ್ಕಳು. ಇಟರ್‌ನ ಕಾಲುಗಳೂ ಪಕ್ಕಪಕ್ಕ ನಿಲ್ಲಿಸಿದ ಉಕ್ಕಿನ ತಗಡುಗಳೇ ಎಂದು ಓದಿದ್ದರು. 1 ಮಿ.ಮೀ ದಪ್ಪ, 20 ಮಿ.ಮೀ ಅಗಲದ ಪಟ್ಟಿ ತಂದರು. ಪಟ್ಟಿ ಅಗಲದ ಕಡೆಗೆ ಬಲು ಬಿಗಿ. ಅಗಲ ದಪ್ಪದ 20 ಪಟ್ಟು ಇದ್ದರೆ ಬಿಗಿ 400 ಪಟ್ಟು ಆಗುತ್ತದೆ. ಹಾಗಾದರೆ ಅಗಲವನ್ನು ಯಾವ ಕಡೆಗೆ ತಿರುಗಿಸಿ ನಿಲ್ಲಿಸಬೇಕು?

ಈ ಪ್ರಕರಣದ ಮುಖ್ಯ ತಪ್ಪು ಇಲ್ಲೇ ಆಯಿತು. ಡ್ರಾಯಿಂಗಿಗೆ ಸಹಿ ಹಾಕಿದವನು ನಾನು.

ನಮ್ಮ ಯೋಚನೆ ಹೀಗಿತ್ತು. ಕರೆಂಟ್ ಹರಿಯುವಾಗ ಇಟರ್‌ನ ಒಂದೊಂದು ಡಿ ಕಾಯಿಲನ್ನೂ ನಡುವಿನ ಕಡೆಗೆ ಎಳೆಯುವ ಬಲ ಸುಮಾರು 400 ಮೆಗಾನ್ಯೂಟನ್. ಅಂದರೆ 40,000 ಟನ್ ತೂಕದಷ್ಟು. ಕಾಯಿಲ್‌ನ ಸ್ವಂತ ತೂಕದ ನೂರು ಪಟ್ಟಿಗಿಂತ ಜಾಸ್ತಿ! ಇಷ್ಟು ದೊಡ್ಡ ಬಲ ಒಳಗೂ ಹೊರಗೂ ಎಳೆದಾಡುವಾಗ ಕಾಲು ಆ ದಿಕ್ಕಿಗೆ ಗಟ್ಟಿ ಇರಬೇಡವೇ? ಸರಿ, ಪಟ್ಟಿಯ ಅಗಲವನ್ನು ನಡುವಿನ ಕಡೆಗೆ ತಿರುಗಿಸಿ, ಚಕ್ರದ ಅರಗಳ ಹಾಗೆ ನಿಲ್ಲಿಸಿದೆವು.

ತಣ್ಣಗಾಗುವಾಗ ಕುಗ್ಗುವ ವಿಷಯ ಮರೆತಿರಲಿಲ್ಲ. ಆದರೆ ಕುಗ್ಗಿಸಿ ನೋಡುವ ಬೋಲ್ಟ್ ಉಂಗುರ ಇನ್ನೂ ತಯಾರಾಗಿರಲಿಲ್ಲ. ಮೊದಲು ಅಲುಗಿಸೋಣ, ಅದು ಆಮೇಲೆ ಎಂದೆ. ಪರೀಕ್ಷೆಗಳ ಸಾಲನ್ನು ಅನುಕೂಲ ನೋಡಿ ಜೋಡಿಸಿದ್ದು ಕೂಡ ಒಂದು ತೀರ್ಮಾನವೇ, ಅದರ ಬೆಲೆ ಆಮೇಲೆ ಗೊತ್ತಾಯಿತು.

ಅಲುಗಿಸಿದಾಗ ಫಲಿತಾಂಶ ಅದ್ಭುತವಾಗಿತ್ತು. ಪಂಜರದ ನೆತ್ತಿಯ ನಡುವೆ ಇಟ್ಟ ಸೆನ್ಸರ್‌ನಲ್ಲಿ ಟೇಬಲ್ ಅಲುಗಿದಷ್ಟೇ ಅಲುಗಾಟ. ತೂಗಾಟವೇ ಇಲ್ಲ.

ಆ ದಿನ ಪಟ್ಟಿ ಕತ್ತರಿಸಿಕೊಟ್ಟ ಫ್ಯಾಬ್ರಿಕೇಶನ್ ಶೆಡ್ಡಿನ ಯಜಮಾನರೂ ಬಂದಿದ್ದರು. ತಾವು ಮಾಡಿದ್ದು ಏನಾಗುತ್ತದೆ ನೋಡಬೇಕು ಎಂಬ ಆಸೆ. ಗ್ರಾಫ್ ನೋಡಿ ನಾವು ಕೈಕುಲುಕುತ್ತಿದ್ದಾಗ ಅವರು ಪಂಜರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೇಳಿದರು. "ಏನ್ ಮಾರಾಯ್ರೇ, ಇದು ತಿರುಗ್ತಾ ಇದೆಯಲ್ಲ!"

ನಾವು ಕೂತು ನೋಡಿದೆವು. ನಿಜ. ಪಂಜರ ಪಕ್ಕಕ್ಕೆ ತೂಗುತ್ತಿರಲಿಲ್ಲ. ತನ್ನ ಸುತ್ತ ತಾನೇ ಎಡಕ್ಕೆ ಬಲಕ್ಕೆ ತಿರುಚುತ್ತಿತ್ತು. ಮೊಸರು ಕಡೆಯುವ ಕಡಗೋಲಿನ ಹಾಗೆ. ಮ್ಯಾಗ್ನೆಟ್ ತಣ್ಣಗಿಡುವ ಹೀಲಿಯಂ ಪೈಪಿನ ಗುರುತಿಗೆ ಅಂತ ಒಂದು ಪಕ್ಕ ತೂಕ ಕಟ್ಟಿದ್ದೆವು. ಪಂಜರ ಒಂದು ಕಡೆ ಭಾರವಾಗಿತ್ತು. ನೆಲ ನೇರ ಅಲುಗಿದರೂ ಇದು ತಿರುಗುತ್ತಿತ್ತು. ನಮ್ಮ ಸೆನ್ಸರ್ ಇದ್ದದ್ದು ನಟ್ಟನಡುವೆ. ತಿರುಗುವ ವಸ್ತುವಿನ ನಡು ಅಲುಗುವುದೇ ಇಲ್ಲ! ಕಾಣಬಾರದ ಜಾಗದಲ್ಲೇ ನಾವು ಕಣ್ಣಿಟ್ಟಿದ್ದೆವು.

ಆಮೇಲೆ ಎರಡು ಮೊಬೈಲ್ ಫೋನುಗಳನ್ನು ಎದುರು ಬದುರು ಅಂಚಿಗೆ ಕಟ್ಟಿ ಅವುಗಳ ಒಳಗಿನ ಸೆನ್ಸರ್‌ನಿಂದಲೇ ಅಳೆದೆವು. ತಿರುಚಾಟ ಸೆಕೆಂಡಿಗೆ ಸುಮಾರು 7 ಸಲ. ಕಾಗದದ ಲೆಕ್ಕವೂ ಅದನ್ನೇ ಹೇಳಿತು. ಪಟ್ಟಿಗಳು ಅರಗಳ ಹಾಗೆ ನಿಂತಿದ್ದರಿಂದ ಸುತ್ತುವ ದಿಕ್ಕಿಗೆ ಹದಿನೆಂಟೂ ತೆಳುವಾಗಿದ್ದವು. ಅಲ್ಲಿ ತಡೆಯುವವರೇ ಇರಲಿಲ್ಲ.

ಮೂರನೇ ಪ್ರಯತ್ನ: ಬಲ ಹಾಕಿ ಗೆಲ್ಲುವುದು

ಬೇಸರ ಮತ್ತು ಗಡಿಬಿಡಿಯಲ್ಲಿ ನಾವು ಸುಲಭದ ದಾರಿ ಹಿಡಿದೆವು. ಎಲ್ಲ ದಿಕ್ಕಿಗೂ ಬಿಗಿ ಇರುವ 6 ಮಿ.ಮೀ ಕಂಬಿ ಹಾಕಿದೆವು. ದಪ್ಪ ಎರಡು ಪಟ್ಟಾದರೆ ಬಿಗಿ 16 ಪಟ್ಟು. ತೂಗಾಟ ಇಲ್ಲ, ತಿರುಚಾಟವೂ ಇಲ್ಲ. ಈ ಸಲ ಎಲ್ಲ ಕಡೆ ಸೆನ್ಸರ್ ಇತ್ತು. ನಿಜವಾಗಿಯೂ ಪಾಸ್.

ಅದೇ ವಾರ ಬೋಲ್ಟ್ ಉಂಗುರ ಬಂತು. ಪೇಟೆಯ ಹುಡುಗರಲ್ಲಿ ಒಬ್ಬನಿಗೆ ದ್ರವ ನೈಟ್ರೋಜನ್ ಸುರಿದು ನಿಜವಾಗಿಯೇ ಕುಗ್ಗಿಸಿ ನೋಡುವ ಆಸೆ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡಲು ಅದನ್ನು ಬಳಸುತ್ತಾರೆ, ಹಾಗಾಗಿ ಮಲೆನಾಡಿನಲ್ಲಿ ಅದು ಅಪರೂಪದ ವಸ್ತುವಲ್ಲ. ಅವನ ಮಾತಿನಲ್ಲಿ ತಿರುಳೂ ಇತ್ತು. ಸ್ಟೇನ್‌ಲೆಸ್ ಸ್ಟೀಲ್ ಕುಗ್ಗುವುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ದ್ರವ ನೈಟ್ರೋಜನ್ನಿನ ಚಳಿಯಾದ 77 ಕೆಲ್ವಿನ್‌ಗೆ ಬರುವಷ್ಟರಲ್ಲೇ ಮುಗಿದಿರುತ್ತದೆ. ಆದರೂ ಬೇಡ ಎಂದೆ. ನಮ್ಮ ಪಂಜರ ಸಾದಾ ಎಂಎಸ್ ಉಕ್ಕಿನದು. ಅಷ್ಟು ಚಳಿಯಲ್ಲಿ ಅದು ಗಾಜಿನ ಹಾಗೆ ಒಡೆಯುವ ಗುಣಕ್ಕೆ ತಿರುಗುತ್ತದೆ. ಮ್ಯಾಗ್ನೆಟ್ ಕವಚಗಳಿಗೆ 316 ಎಲ್‌ಎನ್ ಥರದ ಸ್ಟೇನ್‌ಲೆಸ್ ಬಳಸುವುದು ಅದು ಚಳಿಯಲ್ಲೂ ಗಟ್ಟಿಯಾಗಿ ಉಳಿಯುತ್ತದೆ ಎಂದೇ. ಇನ್ನೊಂದು ಕಾರಣ, ಮುಚ್ಚಿದ ಲ್ಯಾಬಿನಲ್ಲಿ ನೈಟ್ರೋಜನ್ ಆವಿಯಾದರೆ ಉಸಿರಾಡುವ ಗಾಳಿಯನ್ನೇ ತಳ್ಳಿಬಿಡುತ್ತದೆ. ಈ ಒಂದು ತೀರ್ಮಾನದ ಬಗ್ಗೆ ನನಗೆ ಈಗಲೂ ನೆಮ್ಮದಿ ಇದೆ.

ಹಾಗಾಗಿ ಬೋಲ್ಟ್ ತಿರುಗಿಸಿ ಪ್ರತಿ ಕಾಲಿನ ತಲೆಯನ್ನೂ 1.2 ಮಿ.ಮೀ ಒಳಗೆ ಎಳೆದೆವು. ಕಂಬಿಗಳು ಕಿರ್ ಎಂದವು. ಬೋಲ್ಟ್ ಸಡಿಲಿಸಿದ ಮೇಲೆ ನೆಟ್ಟಗಾಗಲೇ ಇಲ್ಲ. ಹದಿನೆಂಟೂ ಸೊಟ್ಟ. ದಪ್ಪ ಹೆಚ್ಚಿದಷ್ಟೂ ಅದೇ ಬಾಗಿಗೆ ಒಳಗಿನ ಒತ್ತಡವೂ ಹೆಚ್ಚು. ಸಾದಾ ಉಕ್ಕು ತಾಳುವ ಮಿತಿ ದಾಟಿತ್ತು. ನಿಜವಾದ ಯಂತ್ರದಲ್ಲಾದರೆ ಇದು ಭೂಕಂಪಕ್ಕೆ ಕಾಯುವುದಿಲ್ಲ. ಮೊದಲ ಸಲ ತಣ್ಣಗೆ ಮಾಡಿದಾಗಲೇ ಕಾಲು ಕೆಡುತ್ತದೆ.

ತಿರುವು

ಆ ಸಂಜೆ ಯಾರೂ ಮಾತಾಡಲಿಲ್ಲ. ಸೊಟ್ಟ ಕಂಬಿಗಳು ಮೇಜಿನ ಮೇಲಿದ್ದವು. ಸಾಗರದ ಹುಡುಗಿ ನಾವು ಕೈಬಿಟ್ಟಿದ್ದ ಹಳೇ ಪಟ್ಟಿಯೊಂದನ್ನು ಕೈಯಲ್ಲಿ ಬಾಗಿಸುತ್ತಾ ಕೂತಿದ್ದಳು. ಆಮೇಲೆ ಕೇಳಿದಳು.

"ಸರ್, ಇದು ಅಡಿಕೆ ದಬ್ಬೆ ಥರ ಅಲ್ವಾ? ಮಲಗಿಸಿ ಹಿಡಿದರೆ ಬಾಗುತ್ತೆ, ನಿಲ್ಲಿಸಿ ಹಿಡಿದರೆ ಬಾಗಲ್ಲ. ಮನೆಯಲ್ಲಿ ಚಪ್ಪರ ಹಾಕುವಾಗ ಅಪ್ಪ ಅದನ್ನೇ ನೋಡಿ ಕಟ್ಟುತ್ತಾರೆ. ನಮ್ಮ ಪಟ್ಟಿಯನ್ನು ತಿರುಗಿಸಿ ಇಟ್ಟರೆ ಕುಗ್ಗೋ ಕಡೆಗೆ ಬಾಗುತ್ತೆ, ಸುತ್ತೋ ಕಡೆಗೆ ಬಾಗಲ್ಲ."

"ಮ್ಯಾಗ್ನೆಟ್ ಎಳೆಯುವ ಬಲಕ್ಕೆ ಏನು ಮಾಡ್ತೀಯಮ್ಮ?" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ ಪ್ರಶ್ನೆ ನಮ್ಮ ಇಡೀ ಪ್ರಾಜೆಕ್ಟನ್ನು ತಿರುಗಿಸಿತು. "ಆ ಬಲ ಕಾಲಿಗೆ ಬರುತ್ತಾ ಸರ್?"

ಬರುವುದಿಲ್ಲ. ಬೋರ್ಡಿನ ಮೇಲೆ ಬರೆದು ನೋಡಿದೆವು. 18 ಕಾಯಿಲ್‌ಗಳು ಒಳಗೆ ಎಳೆಯಲ್ಪಟ್ಟಾಗ ಅವುಗಳ ಮೂಗುಗಳು, ಅಂದರೆ ಡಿ ಆಕಾರದ ಒಳಗಿನ ನೇರ ಬದಿಗಳು, ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ನಮ್ಮ ಕಡೆಯ ಬಾವಿಗಳ ಕಲ್ಲುಕಟ್ಟಡ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಸುತ್ತಲ ಮಣ್ಣು ಒಳಕ್ಕೆ ಒತ್ತಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿಯಾಗುತ್ತವೆ, ಒಳಗೆ ಬೀಳುವುದಿಲ್ಲ. 40,000 ಟನ್ನಿನ ಬಲ ಪಂಜರದ ಒಳಗೇ ಹುಟ್ಟಿ, ಒಳಗೇ ಸರಿದೂಗಿ ಮುಗಿಯುತ್ತದೆ. ಅದಕ್ಕಾಗಿ ಪಂಜರ ಗಟ್ಟಿ ಇರಬೇಕು, ನಿಜ. ಕಾಲಿಗೆ ಮಾತ್ರ ಅದರ ಸುದ್ದಿಯೇ ಇಲ್ಲ.

ಭೂಕಂಪದ ಬಲ ಅದಕ್ಕೆ ಹೋಲಿಸಿದರೆ ಬಲು ಸಣ್ಣದು. ಆದರೆ ಅದು ನೆಲದಿಂದ ಬರುತ್ತದೆ. ನೆಲಕ್ಕೂ ಪಂಜರಕ್ಕೂ ನಡುವೆ ಇರುವುದು ಕಾಲು ಮಾತ್ರ. ಹಾಗಾಗಿ ಅಷ್ಟೂ ಬಲ ಕಾಲಿನ ಮೂಲಕವೇ ಹೋಗಬೇಕು. ದೊಡ್ಡ ಸಂಖ್ಯೆ ನೋಡಿ ನಾವು ಬೆದರಿದ್ದೆವು. ಯಾವ ಬಲ ಎಲ್ಲಿ ಹಾದುಹೋಗುತ್ತದೆ ಎಂದು ಕೇಳಿರಲಿಲ್ಲ.

ಪಟ್ಟಿಗಳನ್ನು 90 ಡಿಗ್ರಿ ತಿರುಗಿಸಿದೆವು. ಚಪ್ಪಟೆ ಮುಖ ನಡುವಿನ ಕಡೆಗೆ, ಅಗಲ ಸುತ್ತಿನ ಗುಂಟ. ಒಬ್ಬ ಹುಡುಗನಿಗೆ ಅನುಮಾನ. ಎಲ್ಲ ಕಾಲೂ ಒಳಮುಖವಾಗಿ ಬಾಗುತ್ತವೆ ಅಂದರೆ ಪಂಜರ ಪಕ್ಕಕ್ಕೆ ವಾಲಿಬಿಡುವುದಿಲ್ಲವೇ? ವಾಲುವುದಿಲ್ಲ. ನೆಲ ಪೂರ್ವ ಪಶ್ಚಿಮಕ್ಕೆ ಅಲುಗಿತು ಎನ್ನಿ. ಪೂರ್ವ ಮತ್ತು ಪಶ್ಚಿಮದ ಕಾಲುಗಳಿಗೆ ಅದು ತೆಳು ದಿಕ್ಕು, ಅವು ಬಾಗುತ್ತವೆ. ಆದರೆ ಉತ್ತರ ಮತ್ತು ದಕ್ಷಿಣದ ಕಾಲುಗಳಿಗೆ ಅದೇ ಅಗಲದ ದಿಕ್ಕು, ಅವು ಹಿಡಿದು ನಿಲ್ಲುತ್ತವೆ. ನೆಲ ಯಾವ ಕಡೆ ಅಲುಗಿದರೂ ಹಿಡಿಯುವ ಕಾಲುಗಳು ಇದ್ದೇ ಇರುತ್ತವೆ. ಲೆಕ್ಕ ಹಾಕಿದರೆ ಒಟ್ಟು ಬಿಗಿ ಎಲ್ಲ ದಿಕ್ಕಿಗೂ ಒಂದೇ ಬರುತ್ತದೆ. ಇದನ್ನು ಬೋರ್ಡಿನ ಮೇಲೆ ನೋಡಿದಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು. ಎಷ್ಟು ಚಂದದ ವ್ಯವಸ್ಥೆ!

ಕುಗ್ಗಿಸುವ ಪರೀಕ್ಷೆ ಈ ಸಲ ಮೊದಲು. 6 ಮಿ.ಮೀ ಕಂಬಿಗೆ ಲೆಕ್ಕದಲ್ಲಿ ಒಂದೊಂದಕ್ಕೆ 16 ಕೆ.ಜಿ. ತೂಕದಷ್ಟು ಬಲ ಬೇಕಿತ್ತು. ಈ ಪಟ್ಟಿಗೆ 400 ಗ್ರಾಂ ಸಾಕು. ಬೆರಳಲ್ಲೇ ತಿರುಗಿಸಿದೆವು, ಬಿಟ್ಟಾಗ ನೆಟ್ಟಗಾಯಿತು. ಆಮೇಲೆ ಅಲುಗಾಟ. ತೂಗಾಟ ಇಲ್ಲ, ತಿರುಚಾಟ ಇಲ್ಲ. ಯಜಮಾನರಿಗೆ ಫೋನ್ ಮಾಡಿ ಕರೆಸಿ, ಅವರು ಕೂತು ನೋಡಿ ತಲೆಯಾಡಿಸಿದ ಮೇಲೆಯೇ ಬರೆದುಕೊಂಡೆವು.

ಇಟರ್‌ನಲ್ಲಿ ಒಂದೇ ದಪ್ಪ ತಗಡಿನ ಬದಲು ಹಲವು ತೆಳು ತಗಡು ಯಾಕೆ ಎನ್ನುವುದೂ ಆಗಲೇ ತಿಳಿಯಿತು. ಭಾರ ಹೊರುವುದು ಒಟ್ಟು ಲೋಹದ ಲೆಕ್ಕದ ಮೇಲೆ. ಬಾಗಿದಾಗಿನ ಒತ್ತಡ ಒಂದೊಂದು ತಗಡಿನ ದಪ್ಪದ ಮೇಲೆ. ತೆಳುವಾದ ಹಲವನ್ನು ಸೇರಿಸಿದರೆ ಎರಡೂ ಸಿಗುತ್ತವೆ.

ರಬ್ಬರ್ ಪಾದ, ಮುರಿದ ಪೈಪು

ಇನ್ನೂ ಆರು ವಾರ ಇತ್ತು. ಮಕ್ಕಳು ಒಂದು ಹೆಜ್ಜೆ ಮುಂದೆ ಹೋಗೋಣ ಎಂದರು. ಕದರಾಶ್ ಇರುವ ಪ್ರೊವಾನ್ಸ್ ಪ್ರದೇಶಕ್ಕೆ ಭೂಕಂಪ ಹೊಸದಲ್ಲ. 1909ರ ಜೂನ್ 11ರಂದು ಲಾಂಬೆಸ್ಕ್ ಭೂಕಂಪದಲ್ಲಿ 46 ಜನ ಸತ್ತರು. ಹಾಗಾಗಿ ಇಟರ್‌ನ ಮುಖ್ಯ ಕಟ್ಟಡವನ್ನೇ 493 ಪಾದಗಳ ಮೇಲೆ ಕೂರಿಸಿದ್ದಾರೆ. ಕಾಂಕ್ರೀಟ್ ಕಂಬ, ಅದರ ತಲೆಯ ಮೇಲೆ ರಬ್ಬರ್ ಮತ್ತು ಉಕ್ಕಿನ ಪದರಗಳ ದಿಂಬು. ಬರೀ ರಬ್ಬರ್ ಇಟ್ಟರೆ ಭಾರಕ್ಕೆ ಪಕ್ಕಕ್ಕೆ ಉಬ್ಬುತ್ತದೆ. ನಡುವಿನ ಉಕ್ಕಿನ ಹಾಳೆ ಉಬ್ಬಲು ಬಿಡುವುದಿಲ್ಲ. ಮೇಲಿಂದ ಒತ್ತಿದರೆ ಬಿಗಿ, ಪಕ್ಕಕ್ಕೆ ತಳ್ಳಿದರೆ ಮೆದು.

ಸ್ಕೂಟರ್ ಟ್ಯೂಬಿನ ರಬ್ಬರ್ ಮತ್ತು ತಗಡಿನ ಚೂರುಗಳಿಂದ ಅಂಥ ನಾಲ್ಕು ದಿಂಬು ಮಾಡಿದೆವು. ಪಂಜರ ಈಗ ಸೆಕೆಂಡಿಗೆ ಸುಮಾರು 3 ಸಲ, ನಿಧಾನಕ್ಕೆ ಹಾಯಾಗಿ ತೂಗಿತು. ಕೊಯ್ನಾ ಥರದ ಚುರುಕು ಅಲುಗಾಟ ಮೇಲಕ್ಕೆ ಹತ್ತಲೇ ಇಲ್ಲ.

ಮುರಿದದ್ದು ಪೈಪು. ಹೀಲಿಯಂ ಸಾಲಿನ ಗುರುತಿಗೆ ಎಸಿಗೆ ಹಾಕುವ ತಾಮ್ರದ ಕೊಳವೆಯನ್ನು ಟೇಬಲಿನ ಗಟ್ಟಿ ಚೌಕಟ್ಟಿನಿಂದ ಪಂಜರಕ್ಕೆ ನೇರ ಎಳೆದಿದ್ದೆವು. ದಿಂಬಿನ ಮೇಲೆ ಪಂಜರ ಕೆಲವು ಮಿಲಿಮೀಟರ್ ಸರಿದಾಗ ಬೆಸುಗೆಯಲ್ಲಿ ಸೀಳಿತು. ಅಲುಗಾಟದ ರಭಸ ಕಡಿಮೆ ಮಾಡಿದ್ದೆವು. ಬದಲಿಗೆ ಸರಿಯುವ ದೂರ ಹೆಚ್ಚಾಗಿತ್ತು. ಆ ದೂರವನ್ನು ಯಾರಾದರೂ ನುಂಗಲೇಬೇಕು. ಮ್ಯಾಗ್ನೆಟ್ ನೆಟ್ಟಗಿದ್ದು ಹೀಲಿಯಂ ಸಾಲು ಸೀಳಿದರೆ ತಂಪು ಹೋಗುತ್ತದೆ, ಸೂಪರ್‌ಕಂಡಕ್ಟರ್ ತನ್ನ ಗುಣ ಕಳೆದುಕೊಳ್ಳುತ್ತದೆ. ಇಟರ್‌ನ ಮ್ಯಾಗ್ನೆಟ್‌ಗಳಲ್ಲಿ ಒಟ್ಟು 51 ಗಿಗಾಜೂಲ್ ಶಕ್ತಿ ತುಂಬಿರುತ್ತದೆ. ಅದನ್ನು ಆಗ ಅವಸರದಲ್ಲಿ ಹೊರಗೆ ಹರಿಸಬೇಕು. ಕೊಳವೆಯನ್ನು ಎರಡು ಸುತ್ತು ಸುರುಳಿ ಮಾಡಿ ಕೊಟ್ಟೆವು. ಆಮೇಲೆ ಸೀಳಲಿಲ್ಲ.

ಏನಾಯಿತು, ಏನು ಉಳಿಯಿತು

ಪ್ರಾಜೆಕ್ಟ್ ಒಳ್ಳೆಯ ಅಂಕ ಪಡೆಯಿತು. ವೈವಾದಲ್ಲಿ ಮಕ್ಕಳು ಮೂರು ಸೋತ ಕಾಲುಗಳನ್ನೂ ಮೇಜಿನ ಮೇಲಿಟ್ಟು ವಿವರಿಸಿದರು. ಗೆದ್ದ ಕಾಲಿಗಿಂತ ಅವುಗಳ ಬಗ್ಗೆಯೇ ಪ್ರಶ್ನೆ ಜಾಸ್ತಿ ಬಂದವು.

ಗೈಡುಗಳಿಗೆ ನಾನು ಹೇಳಬೇಕಾದದ್ದು ಸಹಿಯ ಬಗ್ಗೆ. ಆ ಡ್ರಾಯಿಂಗಿನಲ್ಲಿ ಅಳತೆ ಎಲ್ಲ ಸರಿ ಇತ್ತು. ಬಲ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂಬ ಗೆರೆ ಒಂದೇ ಇರಲಿಲ್ಲ. ಈಗ ಆ ಗೆರೆ ಇಲ್ಲದ ಡ್ರಾಯಿಂಗಿಗೆ ನಾನು ಸಹಿ ಹಾಕುವುದಿಲ್ಲ. ಸೆನ್ಸರ್ ಇಡುವ ಜಾಗವನ್ನು ಕೂಡ ಮೊದಲೇ ಕೇಳುತ್ತೇನೆ, ಇಲ್ಲಿಟ್ಟರೆ ಯಾವ ಅಲುಗಾಟ ಕಾಣುವುದಿಲ್ಲ ಎಂದು. ಪರೀಕ್ಷೆಗಳಲ್ಲಿ ಯಾವುದು ನಮ್ಮನ್ನು ಬೇಗ ಸೋಲಿಸಬಲ್ಲದೋ ಅದು ಮೊದಲು. ಕುಗ್ಗಿಸುವ ಪರೀಕ್ಷೆ ಮೊದಲೇ ಮಾಡಿದ್ದರೆ ಅರಗಳ ಹಾಗೆ ನಿಂತ ಪಟ್ಟಿಗಳು ಅರ್ಧ ಗಂಟೆಯಲ್ಲಿ ಸತ್ಯ ಹೇಳುತ್ತಿದ್ದವು. ನಾವು ಎರಡು ತಿಂಗಳು ತೆಗೆದುಕೊಂಡೆವು.

ಒಂದು ಪ್ರಶ್ನೆಗೆ ನಮ್ಮ ಮಾದರಿ ಉತ್ತರ ಕೊಡಲಿಲ್ಲ. ನೆಲ ಮೇಲೆ ಕೆಳಗೂ ಕುಣಿಯುತ್ತದೆ. ರಬ್ಬರ್ ದಿಂಬು ಆ ದಿಕ್ಕಿಗೆ ಬಿಗಿ, ಆ ಅಲುಗಾಟವನ್ನು ಅದು ತಡೆಯುವುದಿಲ್ಲ. ನಮ್ಮ ಪಟ್ಟಿಯೂ ಉದ್ದುದ್ದ ಬಿಗಿಯೇ. ಹಾಗಾದರೆ ಕಟ್ಟಡದ ತಳಹಾಸು ತಾನೇ ಅಲುಗಿ ಅದನ್ನು ದೊಡ್ಡದು ಮಾಡಿ ಮ್ಯಾಗ್ನೆಟ್‌ಗೆ ಕೊಟ್ಟರೆ? ನಮ್ಮ ಟೇಬಲ್ ಮೇಲೆ ಕೆಳಗೆ ಅಲುಗುವುದಿಲ್ಲ. ಶೆಡ್ಡಿನ ಯಜಮಾನರು ಹಳೇ ಜೀಪಿನ ನಾಲ್ಕು ಸ್ಪ್ರಿಂಗ್ ಎತ್ತಿಟ್ಟಿದ್ದಾರೆ. ಮುಂದಿನ ತಂಡ ಅದರ ಮೇಲೆ ತಳಹಾಸು ಕೂರಿಸಿ ಶುರು ಮಾಡುತ್ತದೆ.